ನಿಮಗಿದು ಗೊತ್ತೇ? ಹತ್ತು ಗೋಲು ಬಿಟ್ಟ ಕೈ, ವಿಶ್ವಕಪ್‌ಗೆ ಒಯ್ದ ಕಾಲು!

ಚೆಂಡು ತಡೆಯುವುದೇ ಗೋಲ್‌ಕೀಪರ್ ಕೆಲಸ, ಅಲ್ಲವೇ? ನಾವೆಲ್ಲ ಹಾಗೇ ಅಂದುಕೊಂಡಿದ್ದೇವೆ. ಆದರೆ ಆಫ್ರಿಕಾ ಖಂಡದ ದಕ್ಷಿಣ ಭಾಗಕ್ಕೆ ಒಮ್ಮೆ ಬಂದು ನೋಡಿ. ಅಲ್ಲಿನ ಮಹಿಳಾ ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರೇ ಗೋಲು ಹೊಡೆದು ದೇಶ ಗೆಲ್ಲಿಸಿದ್ದಾರೆ. ತಡೆದ ಪೆನಾಲ್ಟಿಯನ್ನು ರೆಫರಿ ‘ಲೆಕ್ಕಕ್ಕಿಲ್ಲ’ ಅಂದದ್ದೂ ಇದೆ. ಒಂದೊಂದು ಸಂಗತಿಯೂ ಹುಬ್ಬೇರಿಸುವಂಥದ್ದು. ಓದುತ್ತಾ ಹೋಗಿ!

ಕೈಯಲ್ಲಿ ಎರಡು, ಕಾಲಲ್ಲಿ ಒಂದು

2022ರ ಜುಲೈ 13. ಮೊರಾಕ್ಕೊದ ಕಾಸಾಬ್ಲಾಂಕಾ. ಆಫ್ರಿಕಾ ಮಹಿಳಾ ಕಪ್‌ನ ಕ್ವಾರ್ಟರ್‌ಫೈನಲ್. ಜಾಂಬಿಯಾ ಮತ್ತು ಸೆನೆಗಲ್ 1–1. ಪೆನಾಲ್ಟಿ ಶೂಟೌಟ್ ಶುರುವಾಯಿತು. ಜಾಂಬಿಯಾದ ಗೋಲ್‌ಕೀಪರ್ ಹ್ಯಾಜೆಲ್ ನಾಲಿ ಎರಡು ಹೊಡೆತ ತಡೆದರು. ಸರಿ, ಅದು ಅವರ ಕೆಲಸ. ಆಮೇಲೆ ಗೆಲುವಿನ ಕಿಕ್ ಹೊಡೆಯಲು ಬಂದವರು ಯಾರು ಅಂದುಕೊಂಡಿರಿ? ಅವರೇ! ಚೆಂಡು ಬಲೆಯೊಳಗೆ. ಜಾಂಬಿಯಾ 4–2!

ಆ ಒಂದು ಒದೆತದ ಬೆಲೆ ಎಷ್ಟು ಗೊತ್ತೇ? ಸೆಮಿಫೈನಲ್ ತಲುಪಿದ ನಾಲ್ಕೂ ತಂಡಗಳಿಗೆ 2023ರ ವಿಶ್ವಕಪ್ ಟಿಕೆಟ್ ಖಚಿತವಿತ್ತು. ಜಾಂಬಿಯಾದ ಹಿರಿಯ ಮಹಿಳಾ ತಂಡ ಅದುವರೆಗೆ ವಿಶ್ವಕಪ್ ಮುಖವನ್ನೇ ಕಂಡಿರಲಿಲ್ಲ. ಗಂಡಸರ ಹಿರಿಯ ತಂಡವೂ ಕಂಡಿರಲಿಲ್ಲ. ಇಡೀ ದೇಶಕ್ಕೆ ಹಿರಿಯರ ಮೊದಲ ವಿಶ್ವಕಪ್ ಟಿಕೆಟ್‌ಗೆ ಕೊನೆಯ ಮೊಹರು ಬಿದ್ದದ್ದು ಗೋಲ್‌ಕೀಪರ್ ಕಾಲಿನಿಂದ!

ಇನ್ನೂ ಒಂದು ಕೇಳಿ. ಜಾಂಬಿಯಾಕ್ಕೆ ಸಮುದ್ರವೇ ಇಲ್ಲ. ಸುತ್ತಲೂ ಎಂಟು ದೇಶಗಳು. ಹೀಗೆ ಕಡಲ ತೀರವೇ ಇಲ್ಲದ ಆಫ್ರಿಕಾದ ದೇಶವೊಂದು ಹಿರಿಯರ ಫುಟ್‌ಬಾಲ್ ವಿಶ್ವಕಪ್‌ಗೆ ಹೋದದ್ದು ಅದೇ ಮೊದಲು. ಗಂಡಸರ ವಿಶ್ವಕಪ್ ಸೇರಿಸಿ ಎಣಿಸಿದರೂ ಅದೇ ಮೊದಲು!

ಈ ದೇಶದ ಜನಸಂಖ್ಯೆ ಸುಮಾರು 2 ಕೋಟಿ. ನಮ್ಮ ಕರ್ನಾಟಕದ ಮೂರನೇ ಒಂದು ಪಾಲು ಅಂದುಕೊಳ್ಳಿ. ನೆಲದಡಿ ತಾಮ್ರ ತುಂಬಿದೆ. ಹಾಗಾಗಿ ಮಹಿಳಾ ತಂಡದ ಅಡ್ಡಹೆಸರು ‘ಕಾಪರ್ ಕ್ವೀನ್ಸ್’, ತಾಮ್ರದ ರಾಣಿಯರು. ಗಂಡಸರ ತಂಡ ‘ಚಿಪೊಲೊಪೊಲೊ’, ಅಂದರೆ ತಾಮ್ರದ ಗುಂಡು. ಇಂಗ್ಲಿಷಿನಲ್ಲಿ ‘ಶಿ’ ಅಂದರೆ ಆಕೆ ತಾನೇ? ಅದಕ್ಕೇ ಮಹಿಳಾ ತಂಡಕ್ಕೆ ಇನ್ನೊಂದು ಹೆಸರು ‘ಶಿಪೊಲೊಪೊಲೊ’. ಒಂದೇ ಅಕ್ಷರದ ಬದಲಾವಣೆಯಲ್ಲಿ ಹೊಸ ತಂಡ!

ಗೋಲ್‌ಕೀಪರ್ ಪೆನಾಲ್ಟಿ ಹೊಡೆಯುವುದು ಜಾಂಬಿಯಾಕ್ಕೆ ಹೊಸದಲ್ಲ. 2012ರಲ್ಲಿ ಅಲ್ಲಿನ ಪುರುಷರ ತಂಡ ಆಫ್ರಿಕಾ ಕಪ್ ಗೆದ್ದದ್ದೂ ಶೂಟೌಟ್‌ನಲ್ಲೇ, ಐವರಿ ಕೋಸ್ಟ್ ಎದುರು 8–7ರಿಂದ. ಅಂದು ಐದನೇ ಪೆನಾಲ್ಟಿ ಹೊಡೆದು ಗೋಲು ಮಾಡಿದವರು ಕೆನಡಿ ಮ್ವೀನೆ. ಅವರೂ ಗೋಲ್‌ಕೀಪರೇ!

2022ರ ಅದೇ ಟೂರ್ನಿಯ ಇನ್ನೊಂದು ತಮಾಷೆ. ಮೂರನೇ ಸ್ಥಾನದ ಪಂದ್ಯ. ಎದುರಿಗೆ ಬಲಾಢ್ಯ ನೈಜೀರಿಯಾ. ಜಾಂಬಿಯಾ ಗೆದ್ದದ್ದು 1–0ಯಿಂದ. ಫ್ರೀ ಕಿಕ್‌ನಲ್ಲಿ ಬಂದ ಚೆಂಡು ನೈಜೀರಿಯಾದ ಗೋಲ್‌ಕೀಪರ್ ಚಿಯಾಮಾಕಾ ನಾಡೋಜಿ ಅವರ ಮೈಗೆ ತಾಗಿ ಒಳಗೆ ಹೋಯಿತು. ಲೆಕ್ಕದ ಪುಸ್ತಕದಲ್ಲಿ ಅದು ಸ್ವಂತ ಗೋಲು, ಎದುರಾಳಿಗೆ ಉಡುಗೊರೆ. ಅಂದರೆ ಒಂದೇ ಟೂರ್ನಿಯಲ್ಲಿ ಜಾಂಬಿಯಾವನ್ನು ಗೆಲ್ಲಿಸಿದ ಗೋಲ್‌ಕೀಪರ್‌ಗಳು ಇಬ್ಬರು. ಒಬ್ಬರು ತಮ್ಮವರು, ಇನ್ನೊಬ್ಬರು ಎದುರಾಳಿ!

ಮೊದಲ ದಿನವೇ ಹತ್ತು!

ಈಗ ಒಂದು ವರ್ಷ ಹಿಂದೆ ಹೋಗೋಣ. ಟೋಕಿಯೊ ಒಲಿಂಪಿಕ್ಸ್. ಹೆಸರು 2020, ನಡೆದದ್ದು 2021ರಲ್ಲಿ. ಕೊರೊನಾ ಕಾಲ ನೆನಪಿದೆಯಲ್ಲ! ಜಾಂಬಿಯಾದ ಮಹಿಳಾ ತಂಡಕ್ಕೆ ಅದೇ ಮೊದಲ ಒಲಿಂಪಿಕ್ಸ್. ವಿಶ್ವ ಶ್ರೇಯಾಂಕ 104. ಮೊದಲ ಪಂದ್ಯವೇ ವಿಶ್ವಕಪ್ ರನ್ನರ್ಸ್ ಅಪ್ ನೆದರ್ಲೆಂಡ್ಸ್ ಎದುರು. ಫಲಿತಾಂಶ 3–10. ಗೋಲು ಕಾಯುತ್ತಿದ್ದವರು ಯಾರು? ಇದೇ ಹ್ಯಾಜೆಲ್ ನಾಲಿ!

ಹತ್ತು ಗೋಲಿನಲ್ಲಿ ನಾಲ್ಕು ವಿವಿಯಾನೆ ಮಿಡೆಮಾ ಅವರದು. ಮೂರು ದಿನ ಬಿಟ್ಟು ಚೀನಾ ಎದುರಿನ ಪಂದ್ಯ 4–4 ಡ್ರಾ ಆಯಿತು. ಚೀನಾದ ನಾಲ್ಕೂ ಗೋಲು ಒಬ್ಬರದೇ, ವಾಂಗ್ ಶುವಾಂಗ್ ಅವರದು. ಬೆನ್ನುಬೆನ್ನಿಗೆ ಎರಡು ಪಂದ್ಯ, ಎರಡರಲ್ಲೂ ಒಬ್ಬೊಬ್ಬ ಆಟಗಾರ್ತಿಯಿಂದ ನಾಲ್ಕು ನಾಲ್ಕು ಗೋಲು. ಇಂಥ ವಾರ ಯಾವ ಗೋಲ್‌ಕೀಪರ್‌ಗೂ ಬೇಡಪ್ಪ!

ಆದರೆ ಮೈದಾನದ ಇನ್ನೊಂದು ತುದಿ ನೋಡಿ. ಜಾಂಬಿಯಾದ ನಾಯಕಿ ಬಾರ್ಬ್ರಾ ಬಾಂಡಾ ಆ ಎರಡೂ ಪಂದ್ಯಗಳಲ್ಲಿ ಹ್ಯಾಟ್ರಿಕ್ ಹೊಡೆದರು. ಒಂದೇ ಒಲಿಂಪಿಕ್ಸ್‌ನಲ್ಲಿ ಎರಡು ಹ್ಯಾಟ್ರಿಕ್ ಗಳಿಸಿದ ಮೊದಲ ಮಹಿಳೆ ಅವರು. ಅಷ್ಟು ಹೊಡೆದರೂ ಜಾಂಬಿಯಾಕ್ಕೆ ಸಿಕ್ಕಿದ್ದು ಒಂದೇ ಪಾಯಿಂಟ್! ಅಂದಹಾಗೆ ಈ ಬಾಂಡಾ ಹಿಂದೆ ಬಾಕ್ಸರ್ ಆಗಿದ್ದವರು. ಹೊಡೆತದ ಗುಟ್ಟು ಈಗ ಗೊತ್ತಾಯಿತೇ?

ಮೂರನೇ ಪಂದ್ಯ ಬ್ರೆಜಿಲ್ ಎದುರು. ಇನ್ನೂ ಕಾಲು ಗಂಟೆ ಆಗಿರಲಿಲ್ಲ. ಜಾಂಬಿಯಾದ ಡಿಫೆಂಡರ್ ಲುಶೊಮೊ ಮ್ವೀಂಬಾ ಫೌಲ್ ಮಾಡಿ ರೆಡ್ ಕಾರ್ಡ್ ಪಡೆದರು. ಅದೇ ಗಡಿಬಿಡಿಯಲ್ಲಿ ನಾಲಿಗೂ ಪೆಟ್ಟು ಬಿತ್ತು, ಹೊರಗೆ ಹೋಗಬೇಕಾಯಿತು. ಬದಲಿಯಾಗಿ ಗ್ಲೌಸ್ ತೊಟ್ಟವರು ಎನ್‌ಗಾಂಬೊ ಮುಸೋಲೆ. ಫೌಲ್‌ಗೆ ಸಿಕ್ಕ ಫ್ರೀ ಕಿಕ್ ನೇರ ಗೋಲಾಯಿತು. ಆಮೇಲೆ? ಆಮೇಲೆ ಹತ್ತೇ ಜನ ನಿಂತು ಬ್ರೆಜಿಲ್‌ಗೆ ಒಂದೂ ಗೋಲು ಕೊಡಲಿಲ್ಲ. ಹನ್ನೊಂದು ಜನ ಇದ್ದಾಗ ಹತ್ತು ಗೋಲು, ಹತ್ತು ಜನ ಇದ್ದಾಗ ಒಂದೇ ಗೋಲು. ಇದ್ಯಾವ ಲೆಕ್ಕ ನೀವೇ ಹೇಳಿ!

ಮೂರು ಪಂದ್ಯದ ಒಟ್ಟು ಲೆಕ್ಕ ಹಾಕಿ. 10, 4, 1. ಒಟ್ಟು 15 ಗೋಲು ಬಿಟ್ಟರು. ಈಗ ಜಾಂಬೆಜಿ ನದಿ ದಾಟಿ ಪಕ್ಕದ ಜಿಂಬಾಬ್ವೆಗೆ ಬನ್ನಿ. 2016ರ ರಿಯೊ ಒಲಿಂಪಿಕ್ಸ್ ಅಲ್ಲಿನ ಮಹಿಳಾ ಫುಟ್‌ಬಾಲ್ ತಂಡಕ್ಕೂ ಮೊದಲನೆಯದು. ಜರ್ಮನಿ ಎದುರು 1–6, ಕೆನಡಾ ಎದುರು 1–3, ಆಸ್ಟ್ರೇಲಿಯಾ ಎದುರು 1–6. ಕೂಡಿಸಿದರೆ? ಅಲ್ಲೂ 15! ನದಿಯ ಎರಡೂ ದಡದಲ್ಲಿ ಒಂದೇ ಲೆಕ್ಕ!

ಜಿಂಬಾಬ್ವೆ ರಿಯೊಗೆ ಹೋದ ಕಥೆ ಇನ್ನೂ ವಿಚಿತ್ರ. ಅರ್ಹತಾ ಪಂದ್ಯಕ್ಕೆ ಐವರಿ ಕೋಸ್ಟ್‌ಗೆ ಪ್ರಯಾಣ ಮಾಡಲು ಹಣ ಹೊಂದಿಸಲು ಆಗಲಿಲ್ಲ. ತಂಡ ಹೋಗಲೇ ಇಲ್ಲ. ಕಥೆ ಮುಗಿಯಿತು ಅನ್ನುವಷ್ಟರಲ್ಲಿ ಐವರಿ ಕೋಸ್ಟೇ ಹಿಂದೆ ಸರಿಯಿತು. ಜಿಂಬಾಬ್ವೆ ಮತ್ತೆ ಒಳಗೆ ಬಂತು. ಮುಂದಿನ ಸುತ್ತಿನಲ್ಲಿ ಕ್ಯಾಮರೂನ್ ಎದುರು ಅಲ್ಲಿ 1–2 ಸೋತು, ಇಲ್ಲಿ 1–0 ಗೆದ್ದು, ಪರಸ್ಥಳದಲ್ಲಿ ಹೊಡೆದ ಒಂದು ಗೋಲಿನ ಬಲದಿಂದ ಒಲಿಂಪಿಕ್ಸ್ ಸೇರಿತು. ಬಸ್ ತಪ್ಪಿಸಿಕೊಂಡವರಿಗೆ ವಿಮಾನ ಸಿಕ್ಕ ಹಾಗೆ!

ತಡೆದಳು, ಆದರೆ ತಡೆದಿಲ್ಲ!

ಹ್ಯಾಜೆಲ್ ನಾಲಿ ಹುಟ್ಟಿದ್ದು 1998ರ ಏಪ್ರಿಲ್ 4ರಂದು. ಹದಿನೈದನೇ ವಯಸ್ಸಿಗೇ, 2014ರಲ್ಲಿ, ಕೋಸ್ಟರಿಕಾದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ ತಂಡದಲ್ಲಿದ್ದರು. ಆ ಟೂರ್ನಿಯ ಫೈನಲ್ ನಡೆದದ್ದು ಯಾವತ್ತು ಗೊತ್ತೇ? ಏಪ್ರಿಲ್ 4! ಫೈನಲ್ ಆಡಿದವರು ಬೇರೆಯವರು, ಹದಿನಾರು ತುಂಬಿದ್ದು ಇವರಿಗೆ!

ಇಷ್ಟೆಲ್ಲ ಆಗಿ 2023ರ ವಿಶ್ವಕಪ್ ಬಂತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಆತಿಥ್ಯ. ಮೊದಲ ಬಾರಿಗೆ 32 ಮಹಿಳಾ ತಂಡಗಳು. ಗೆಲುವಿನ ಪೆನಾಲ್ಟಿ ಹೊಡೆದ ನಾಲಿ ಮೈದಾನಕ್ಕೆ ಇಳಿದರೇ? ಇಲ್ಲ! ಪಂದ್ಯಾವಳಿಗೆ ಕೆಲವೇ ದಿನ ಇರುವಾಗ ಮಂಡಿಯ ಒಳಗಿನ ನಾರು ಹರಿಯಿತು. ದೇಶವನ್ನು ವಿಶ್ವಕಪ್‌ಗೆ ಒಯ್ದ ಕಾಲು ಆ ವಿಶ್ವಕಪ್‌ನ ಹುಲ್ಲು ಮೆಟ್ಟಲೇ ಇಲ್ಲ!

ಸರಿ, ನಾಲಿ ಜಾಗಕ್ಕೆ ಕ್ಯಾಥರೀನ್ ಮುಸೊಂಡಾ ಬಂದರು. ಮೊದಲ ಪಂದ್ಯ ಜಪಾನ್ ಎದುರು, ಹ್ಯಾಮಿಲ್ಟನ್ ನಗರದಲ್ಲಿ. 90 ನಿಮಿಷ ಮುಗಿದು ಹೆಚ್ಚುವರಿ ನಿಮಿಷಗಳು ಓಡುತ್ತಿದ್ದವು. ಆಗ ಮುಸೊಂಡಾ ಜಪಾನಿನ ರಿಕೊ ಉಯೆಕಿ ಅವರನ್ನು ಬೀಳಿಸಿದರು. ಎರಡನೇ ಯೆಲ್ಲೋ ಕಾರ್ಡ್. ಅಂದರೆ ರೆಡ್. ಗೋಲ್‌ಕೀಪರೇ ಹೊರಗೆ!

ಈಗ ಬಂದವರು ಮೂರನೆಯವರು, ಯುನೀಸ್ ಸಕಾಲಾ. ವಿಶ್ವಕಪ್‌ನಲ್ಲಿ ಅವರ ಮೊದಲ ಕೆಲಸ ಏನು? ಪೆನಾಲ್ಟಿ ಎದುರಿಸುವುದು! ಸರಿಯಾಗಿ ಮೈ ಬೆಚ್ಚಗಾಗಿಯೂ ಇಲ್ಲ. ಉಯೆಕಿ ಒದ್ದರು. ಸಕಾಲಾ ತಡೆದೇ ಬಿಟ್ಟರು! ಕುಣಿಯಬೇಕು ಅನ್ನುವಷ್ಟರಲ್ಲಿ ವಿಡಿಯೊ ರೆಫರಿಯ ಮಾತು ಬಂತು. ಒದೆತಕ್ಕೆ ಮೊದಲೇ ಸಕಾಲಾ ಗೆರೆ ಬಿಟ್ಟಿದ್ದರಂತೆ. ಮತ್ತೊಮ್ಮೆ ಹೊಡೆಯಿರಿ ಅಂದರು. ಉಯೆಕಿ ಮತ್ತೆ ಒದ್ದರು. ಈ ಸಲ ಗೋಲು! ಜಪಾನ್ 5–0.

ಆ ಗೆರೆಯ ನಿಯಮ ಏನು ಅಂತೀರಾ? ಎದುರಾಳಿ ಚೆಂಡು ಒದೆಯುವ ಆ ಕ್ಷಣಕ್ಕೆ ಗೋಲ್‌ಕೀಪರ್‌ನ ಒಂದು ಪಾದದ ಒಂದಿಷ್ಟು ಭಾಗವಾದರೂ ಗೋಲುಗೆರೆಯ ಮೇಲೆ, ಗೆರೆಯ ನೇರಕ್ಕೆ ಅಥವಾ ಅದರ ಹಿಂದೆ ಇರಬೇಕು. ಒಂದು ಪಾದ ಸಾಕು ಎಂಬುದು 2019ರಿಂದ. ಒಂದು ಗೇಣು ಮುಂದೆ ಬಂದರೂ ವಿಡಿಯೊ ಬಿಡುವುದಿಲ್ಲ!

ಇಷ್ಟಾದರೂ ಸಕಾಲಾ ಕಥೆ ಸುಖಾಂತ್ಯ. ಮುಂದಿನ ಪಂದ್ಯದಲ್ಲಿ ಸ್ಪೇನ್ ಐದು ಗೋಲು ಹೊಡೆಯಿತು, ನಿಜ. ಆ ಸ್ಪೇನ್ ಕೊನೆಗೆ ಕಪ್ಪನ್ನೇ ಗೆದ್ದಿತು ಬಿಡಿ. ಮೂರನೇ ಪಂದ್ಯದಲ್ಲಿ ಜಾಂಬಿಯಾ ಕೋಸ್ಟರಿಕಾವನ್ನು 3–1ರಿಂದ ಮಣಿಸಿತು. ವಿಶ್ವಕಪ್‌ನಲ್ಲಿ ಮೊದಲ ಜಯ! ಆ ಸಲದ 32 ತಂಡಗಳಲ್ಲಿ ಶ್ರೇಯಾಂಕದ ಪಟ್ಟಿಯಲ್ಲಿ ತೀರಾ ಕೆಳಗಿದ್ದ ತಂಡ ಇದು, 77ನೇ ಸ್ಥಾನ!

ಆ ಪಂದ್ಯದ ಮೊದಲ ಗೋಲು ಮೂರನೇ ನಿಮಿಷದಲ್ಲೇ ಬಂತು. ಜಾಂಬಿಯಾದ ವಿಶ್ವಕಪ್ ಚರಿತ್ರೆಯಲ್ಲೂ ಅದೇ ಮೊದಲ ಗೋಲು. ಹೊಡೆದವರು ಲುಶೊಮೊ ಮ್ವೀಂಬಾ. ಹೌದು, ಟೋಕಿಯೊದಲ್ಲಿ ರೆಡ್ ಕಾರ್ಡ್ ಪಡೆದ ಅದೇ ಡಿಫೆಂಡರ್! ಎರಡನೇ ಗೋಲು ಬಾಂಡಾ ಹೊಡೆದ ಪೆನಾಲ್ಟಿ. ಅದಕ್ಕೊಂದು ವಿಶೇಷ ಉಂಟು. ಮಹಿಳಾ ವಿಶ್ವಕಪ್‌ಗಳಲ್ಲಿ ಅಂದಿನವರೆಗೆ ಬಂದ ಗೋಲುಗಳನ್ನೆಲ್ಲ ಎಣಿಸಿದರೆ ಅದು ಸರಿಯಾಗಿ 1,000ನೇ ಗೋಲು!

ಜಾಂಬಿಯಾ ಪಂದ್ಯ ಅಂದರೆ ಗೋಲಿನ ಮಳೆ ಅಂತ ಈಗ ನಿಮಗೆ ಅನ್ನಿಸಿರಬೇಕು. ತಡೆಯಿರಿ, ಇನ್ನೂ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್. ಆಸ್ಟ್ರೇಲಿಯಾ ಎದುರು ಜಾಂಬಿಯಾ 5–2 ಮುಂದಿತ್ತು. ಗೆದ್ದಂತೆಯೇ ಅಲ್ಲವೇ? ಮುಗಿದಾಗ 5–6! ಟೋಕಿಯೊದ ಬದಲಿ ಗೋಲ್‌ಕೀಪರ್ ಮುಸೋಲೆ ಈ ಸಲ ಕಾವಲಿದ್ದರು. ಆರರಲ್ಲಿ ಒಂದು ಅವರದೇ ಹೆಸರಿಗೆ ಬಿದ್ದ ಉಡುಗೊರೆ ಗೋಲು. ಬಾಂಡಾ ಹ್ಯಾಟ್ರಿಕ್ ಹೊಡೆದೂ ತಂಡ ಸೋತಿತು!

ಹಣದ ಲೆಕ್ಕವೂ ಕೇಳಿ. ಬಾಂಡಾ ಜೊತೆಗಾತಿ ರೇಚಲ್ ಕುಂದನಾಂಜಿ 2024ರ ಫೆಬ್ರುವರಿಯಲ್ಲಿ ಅಮೆರಿಕದ ಬೇ ಎಫ್‌ಸಿ ಕ್ಲಬ್ ಸೇರಿದಾಗ ಜಗತ್ತಿನ ಅತಿ ದುಬಾರಿ ಮಹಿಳಾ ಆಟಗಾರ್ತಿ ಆದರು. ಆಫ್ರಿಕಾದ ಯಾರೂ, ಗಂಡಸರು ಕೂಡ, ಅದುವರೆಗೆ ವರ್ಗಾವಣೆಯ ವಿಶ್ವದಾಖಲೆ ಮುರಿದಿರಲಿಲ್ಲ. ಗೋಲು ಹೊಡೆಯುವವರ ಬೆಲೆ ಗಗನಕ್ಕೆ. ಗೋಲು ಕಾಯುವವರು? ಅವರ ಹೆಸರು ನಮಗೆ ನೆನಪಾಗುವುದೇ ಚೆಂಡು ಒಳಗೆ ಹೋದಾಗ!

24 ಅಡಿ ಅಗಲ, 8 ಅಡಿ ಎತ್ತರ

ಒಂದು ಗಳಿಗೆ ಗೋಲಿನ ಆ ಮೂರು ಕಂಬಗಳನ್ನೇ ನೋಡೋಣ. ಗೋಲುಪೆಟ್ಟಿಗೆ 24 ಅಡಿ ಅಗಲ, 8 ಅಡಿ ಎತ್ತರ. ಅಂದರೆ 192 ಚದರ ಅಡಿ. ನಿಮ್ಮ ಮನೆಯಲ್ಲಿ 12 ಅಡಿಗೆ 16 ಅಡಿಯ ಕೋಣೆ ಇದ್ದರೆ ಅದರ ನೆಲವನ್ನು ಎತ್ತಿ ನಿಲ್ಲಿಸಿದಷ್ಟು ಜಾಗ. ಅದನ್ನೆಲ್ಲ ಒಬ್ಬರೇ ಎರಡು ಕೈಯಲ್ಲಿ ಕಾಯಬೇಕು! ಹೆಣ್ಣುಮಕ್ಕಳ ಪಂದ್ಯ ಅಂತ ಒಂದಂಗುಲವೂ ಕಡಿಮೆ ಇಲ್ಲ!

1912ರ ಮೊದಲು ಗೋಲ್‌ಕೀಪರ್ ತನ್ನ ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಚೆಂಡನ್ನು ಕೈಯಲ್ಲಿ ಮುಟ್ಟಬಹುದಿತ್ತು. ಆ ವರ್ಷ ಬಂದ ನಿಯಮ ಅವರ ಕೈಯನ್ನು ಪೆನಾಲ್ಟಿ ಏರಿಯಾದೊಳಗೆ ಕಟ್ಟಿಹಾಕಿತು!

2025ರಲ್ಲಿ ಇನ್ನೊಂದು ಕಟ್ಟು ಬಿತ್ತು. ಚೆಂಡನ್ನು ಕೈಯಲ್ಲಿ ಹಿಡಿದು 8 ಸೆಕೆಂಡಿಗಿಂತ ಹೆಚ್ಚು ನಿಂತರೆ ಎದುರಾಳಿಗೆ ಕಾರ್ನರ್ ಕಿಕ್. ಕೊನೆಯ ಐದು ಸೆಕೆಂಡುಗಳನ್ನು ರೆಫರಿ ಕೈ ಎತ್ತಿ ಬೆರಳಲ್ಲಿ ಎಣಿಸಿ ತೋರಿಸುತ್ತಾರೆ. ಮಗ್ಗಿ ಒಪ್ಪಿಸುವ ಮಕ್ಕಳ ಮುಂದೆ ಮೇಷ್ಟರು ನಿಂತ ಹಾಗೆ!

ಕಡ್ಡಿ ಎಂಬ ಕೋಟೆ

ಈಗ ದಕ್ಷಿಣ ಆಫ್ರಿಕಾ ದೇಶಕ್ಕೆ ಹೋಗೋಣ. ಅಲ್ಲಿನ ಹೆಸರಾಂತ ಗೋಲ್‌ಕೀಪರ್ ಆಂದಿಲೆ ದ್ಲಾಮಿನಿ. ಅಡ್ಡಹೆಸರು ‘ಸ್ಟಿಕ್ಸ್’, ಅಂದರೆ ಕಡ್ಡಿಗಳು. ಇಂಗ್ಲಿಷ್ ಫುಟ್‌ಬಾಲ್ ಆಡುಮಾತಿನಲ್ಲಿ ಗೋಲುಕಂಬಗಳನ್ನೂ ಸ್ಟಿಕ್ಸ್ ಅಂತಲೇ ಕರೆಯುತ್ತಾರೆ. ಹೆಸರೇ ಕಂಬ, ನಿಲ್ಲುವುದೂ ಕಂಬಗಳ ನಡುವೆ!

ದ್ಲಾಮಿನಿ ಹುಟ್ಟಿದ್ದು 1992ರ ಸೆಪ್ಟೆಂಬರ್ 2ರಂದು, ಜೋಹಾನ್ಸ್‌ಬರ್ಗ್ ಬಳಿಯ ಟೆಂಬಿಸಾದಲ್ಲಿ. ಆ ವರ್ಷದ ಜುಲೈನಲ್ಲಿ ಎರಡು ಸಂಗತಿ ನಡೆದವು. ಒಂದು, ವರ್ಣಭೇದದ ಕಾರಣಕ್ಕೆ ಜಾಗತಿಕ ಫುಟ್‌ಬಾಲ್‌ನಿಂದ ಹೊರಗಿದ್ದ ದಕ್ಷಿಣ ಆಫ್ರಿಕಾ ಮತ್ತೆ ಒಳಗೆ ಬಂತು. ಇನ್ನೊಂದು, ಸಂಗಡಿಗರು ಕಾಲಿನಲ್ಲಿ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದು ಎಂಬ ನಿಯಮ ಜಾರಿಗೆ ಬಂತು. ಅಂದರೆ ಈಕೆ ಹುಟ್ಟುವ ಹೊತ್ತಿಗೆ ದೇಶಕ್ಕೆ ಬಾಗಿಲು ತೆರೆದಿತ್ತು, ಗೋಲ್‌ಕೀಪರ್ ಕೈಗೆ ಅರ್ಧ ಬೀಗ ಬಿದ್ದಿತ್ತು!

ತಂಡದ ಹೆಸರು ‘ಬನ್ಯಾನಾ ಬನ್ಯಾನಾ’. ಅರ್ಥ? ‘ಹುಡುಗಿಯರು, ಹುಡುಗಿಯರು’! ಗಂಡಸರ ತಂಡ ‘ಬಫಾನಾ ಬಫಾನಾ’, ‘ಹುಡುಗರು, ಹುಡುಗರು’. ಒಮ್ಮೆ ಕರೆದರೆ ಸಾಲದು, ಎರಡೆರಡು ಸಲ ಕೂಗಬೇಕು!

2018ರ ಆಫ್ರಿಕಾ ಕಪ್, ಘಾನಾ. ದಕ್ಷಿಣ ಆಫ್ರಿಕಾ ಐದು ಪಂದ್ಯ ಆಡಿತು. ಆಟದ ಅವಧಿಯಲ್ಲಿ ಬಿಟ್ಟುಕೊಟ್ಟದ್ದು ಬರೀ ಎರಡು ಗೋಲು. ಒಂದೂ ಪಂದ್ಯ ಆಟದಲ್ಲಿ ಸೋಲಲಿಲ್ಲ. ಗುಂಪಿನಲ್ಲಿ ನೈಜೀರಿಯಾವನ್ನೂ ಸೋಲಿಸಿತ್ತು. ಆದರೂ ಕಪ್ ಸಿಗಲಿಲ್ಲ! ಫೈನಲ್ 0–0. ಅದೇ ನೈಜೀರಿಯಾ ಪೆನಾಲ್ಟಿಯಲ್ಲಿ 4–3ರಿಂದ ಗೆದ್ದಿತು. ಹೀಗೆ ಫೈನಲ್‌ನಲ್ಲಿ ಎಡವಿದ್ದು ದಕ್ಷಿಣ ಆಫ್ರಿಕಾಕ್ಕೆ ಅದು ಐದನೇ ಸಲ!

ಆರನೇ ಸಲ ಏನಾಯಿತು? 2022ರ ಜುಲೈ 23, ಮೊರಾಕ್ಕೊದ ರಬತ್. ಆತಿಥೇಯರನ್ನೇ ಅವರ ತುಂಬಿದ ಕ್ರೀಡಾಂಗಣದಲ್ಲಿ 2–1ರಿಂದ ಸೋಲಿಸಿ ಕಪ್ ಎತ್ತಿದರು. ಆರು ಪಂದ್ಯ, ಆರೂ ಗೆಲುವು. ಬಿಟ್ಟದ್ದು ಮೂರೇ ಗೋಲು. ಟೂರ್ನಿಯ ಶ್ರೇಷ್ಠ ಗೋಲ್‌ಕೀಪರ್ ದ್ಲಾಮಿನಿ! ಸೆಮಿಫೈನಲ್‌ನಲ್ಲಿ ಅವರ ಎದುರಿನ ಗೋಲಿನಲ್ಲಿ ನಿಂತವರು ಯಾರು ಗೊತ್ತೇ? ಐದು ದಿನ ಹಿಂದಷ್ಟೇ ಸೆನೆಗಲ್ ಎದುರು ಪೆನಾಲ್ಟಿ ಹೊಡೆದು ಗೆದ್ದಿದ್ದ ಹ್ಯಾಜೆಲ್ ನಾಲಿ. ಆ ಪಂದ್ಯವೂ ಪೆನಾಲ್ಟಿಯಲ್ಲೇ ತೀರ್ಮಾನವಾಯಿತು. 94ನೇ ನಿಮಿಷದ ಆ ಹೊಡೆತವನ್ನು ತಡೆಯಲು ನಾಲಿಗೆ ಆಗಲಿಲ್ಲ!

ಕ್ಲಬ್ ಲೆಕ್ಕ ಇನ್ನೂ ಮಜವಾಗಿದೆ. 2021ರಲ್ಲಿ ಆಫ್ರಿಕಾದ ಮೊಟ್ಟಮೊದಲ ಮಹಿಳಾ ಚಾಂಪಿಯನ್ಸ್ ಲೀಗ್ ಈಜಿಪ್ಟ್‌ನಲ್ಲಿ ನಡೆಯಿತು. ಗೆದ್ದದ್ದು ದ್ಲಾಮಿನಿ ಆಡುತ್ತಿದ್ದ ಮಮೆಲೊಡಿ ಸನ್‌ಡೌನ್ಸ್. ಇಡೀ ಟೂರ್ನಿಯಲ್ಲಿ ಎಷ್ಟು ಗೋಲು ಬಿಟ್ಟರು? ಸೊನ್ನೆ! ಒಂದೇ ಒಂದು ಚೆಂಡೂ ಒಳಗೆ ಹೋಗಲಿಲ್ಲ!

ಮರುವರ್ಷ ಲೀಗ್ ಫೈನಲ್ ರಬತ್‌ನಲ್ಲಿ. ಹೌದು, ನಾಲ್ಕು ತಿಂಗಳ ಹಿಂದೆ ದ್ಲಾಮಿನಿ ಕಪ್ ಎತ್ತಿದ್ದ ಅದೇ ಊರು. ಈ ಸಲ ಸನ್‌ಡೌನ್ಸ್‌ಗೆ ಮೊರಾಕ್ಕೊದ ಕ್ಲಬ್ ಎದುರು 0–4 ಸೋಲು! 2023ರಲ್ಲಿ ಮತ್ತೊಂದು ಮೊರಾಕ್ಕೊ ಕ್ಲಬ್ಬನ್ನು 3–0ಯಿಂದ ಸೋಲಿಸಿ ಕಪ್ಪನ್ನು ಮರಳಿ ತಂದರು. ಲೆಕ್ಕ ಚುಕ್ತಾ!

ಅಂದಹಾಗೆ ಸನ್‌ಡೌನ್ಸ್ ಅಡ್ಡಹೆಸರು ‘ಬ್ರೆಜಿಲಿಯನ್ಸ್’. ಹಳದಿ ಅಂಗಿ, ನೀಲಿ ಚಡ್ಡಿ ನೋಡಿದರೆ ಸಾಕು, ಗೊತ್ತಾಗುತ್ತದೆ. ಇನ್ನೊಂದು ನಂಟೂ ಇದೆ. 2012ರಲ್ಲಿ ಪೆನಾಲ್ಟಿ ಹೊಡೆದ ಜಾಂಬಿಯಾದ ಕೆನಡಿ ಮ್ವೀನೆ ಆಮೇಲೆ ಸೇರಿದ ಕ್ಲಬ್ ಯಾವುದು? ಇದೇ ಸನ್‌ಡೌನ್ಸ್!

ಮೂರೇ ದಿನದಲ್ಲಿ

2025ರ ಜುಲೈ 19. ಮತ್ತೆ ಮೊರಾಕ್ಕೊ, ಮತ್ತೆ ಆಫ್ರಿಕಾ ಕಪ್ ಕ್ವಾರ್ಟರ್‌ಫೈನಲ್, ಮತ್ತೆ ಎದುರಾಳಿ ಸೆನೆಗಲ್, ಮತ್ತೆ ಶೂಟೌಟ್! ಈ ಸಲ ಕಂಬಗಳ ನಡುವೆ ದ್ಲಾಮಿನಿ. ಎಷ್ಟು ತಡೆದರು ಊಹಿಸಿ. ಎರಡು! ಮೂರು ವರ್ಷ ಹಿಂದೆ ನಾಲಿ ತಡೆದಷ್ಟೇ. ದಕ್ಷಿಣ ಆಫ್ರಿಕಾಕ್ಕೆ 4–1 ಜಯ. ಪಾಪ, ಸೆನೆಗಲ್‌ಗೆ ದಕ್ಷಿಣದ ಗೋಲ್‌ಕೀಪರ್‌ಗಳೆಂದರೆ ಕನಸಲ್ಲೂ ಬೆಚ್ಚಿಬೀಳುವಂತಾಗಿರಬೇಕು!

ಆದರೆ ಗೋಲ್‌ಕೀಪರ್ ಬಾಳು ನೋಡಿ. ಮೂರು ದಿನ ಕಳೆಯಿತು. ಸೆಮಿಫೈನಲ್, ನೈಜೀರಿಯಾ ಎದುರು 1–1. ಹೆಚ್ಚುವರಿ ನಿಮಿಷಗಳು. ನೈಜೀರಿಯಾದ ಮಿಶೆಲ್ ಅಲೋಜಿ ಅರ್ಧ ಮೈದಾನದ ಆಸುಪಾಸಿನಿಂದ ಚೆಂಡನ್ನು ಸುಮ್ಮನೆ ಮುಂದಕ್ಕೆ ಎತ್ತಿ ಒದ್ದರು. ಯಾರ ಕಾಲಿಗೂ ತಾಗಲಿಲ್ಲ, ಯಾರ ತಲೆಗೂ ತಾಗಲಿಲ್ಲ. ಪುಟಿದು ನೇರ ಬಲೆಗೆ! 11 ಮೀಟರ್ ದೂರದ ಪೆನಾಲ್ಟಿ ತಡೆದ ಗೋಲಿಗೆ ಅಷ್ಟು ದೂರದ ಚೆಂಡು ನುಗ್ಗಿತು!

ಕೆಲಸವೇ ಇಲ್ಲದ ದಿನಗಳು

ಕೆಲವೊಮ್ಮೆ ಎದುರಾಳಿಯೇ ಗೋಲು ಬೇಡ ಅಂದರೆ? 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ದಕ್ಷಿಣ ಆಫ್ರಿಕಾ ಆಗಿನ ವಿಶ್ವ ಚಾಂಪಿಯನ್ ಜಪಾನನ್ನು 0–0ಗೆ ಹಿಡಿದಿಟ್ಟಿತು. ಆಮೇಲೆ ಜಪಾನ್ ಕೋಚ್ ನೋರಿಯೊ ಸಸಾಕಿ ಗುಟ್ಟು ಬಿಟ್ಟರು. ಗೆಲ್ಲಬೇಡಿ ಅಂತ ಅವರೇ ಹೇಳಿದ್ದರಂತೆ! ಗೆದ್ದಿದ್ದರೆ ಮುಂದಿನ ಪಂದ್ಯಕ್ಕೆ ಕಾರ್ಡಿಫ್‌ನಿಂದ ಗ್ಲಾಸ್ಗೊವರೆಗೆ ಹೋಗಬೇಕಿತ್ತು. ಪ್ರಯಾಣದ ಆಯಾಸ ತಪ್ಪಿಸಲು ಡ್ರಾ!

2023ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾದ ಮೊದಲ ಆಯ್ಕೆಯ ಗೋಲ್‌ಕೀಪರ್ ಕೇಲಿನ್ ಸ್ವಾರ್ಟ್. ಇಟಲಿ ಎದುರು ತಂಡ 0–1 ಹಿಂದಿತ್ತು. ಆಗ ಇಟಲಿಯ ಬೆನೆದೆತ್ತಾ ಓರ್ಸಿ ತಮ್ಮ ಗೋಲ್‌ಕೀಪರ್‌ಗೆಂದು ಚೆಂಡನ್ನು ಹಿಂದಕ್ಕೆ ತಳ್ಳಿದರು. ಅದು ಗೋಲ್‌ಕೀಪರ್‌ನ ಪಕ್ಕದಿಂದ ಉರುಳಿ ಸ್ವಂತ ಬಲೆಗೇ ಹೋಯಿತು! ಕೊನೆಗೆ 92ನೇ ನಿಮಿಷದಲ್ಲಿ ತೆಂಬಿ ಗಾಟ್ಲಾನಾ ಹೊಡೆದರು. 3–2. ದಕ್ಷಿಣ ಆಫ್ರಿಕಾಕ್ಕೆ ಮಹಿಳಾ ವಿಶ್ವಕಪ್‌ನ ಮೊದಲ ಜಯ!

ಸ್ವಾರ್ಟ್ ಆಡುತ್ತಿದ್ದ ಕ್ಲಬ್ ಜೆವಿಡಬ್ಲ್ಯು. ಆ ಹೆಸರೇನು? ಸ್ಥಾಪಿಸಿದ ಆಟಗಾರ್ತಿ ಜನೀನ್ ವಾನ್ ವೈಕ್ ಅವರ ಇನಿಷಿಯಲ್ಸ್! ಓಟದ ರಾಣಿ ಕಾಸ್ಟರ್ ಸೆಮೆನ್ಯಾ 2019ರಲ್ಲಿ ಫುಟ್‌ಬಾಲ್ ಆಡಲು ಸೇರಿದ್ದೂ ಇದೇ ಕ್ಲಬ್ಬಿಗೆ!

ಆ ವಿಶ್ವಕಪ್‌ಗೆ ಹೊರಡುವ ಮುಂಚೆ ಸಂಭಾವನೆಯ ಜಗಳ ಎದ್ದಿತ್ತು. 2023ರ ಜುಲೈ 2ರಂದು ಬೋಟ್ಸ್‌ವಾನಾ ಎದುರಿನ ಪಂದ್ಯಕ್ಕೆ ಮುಖ್ಯ ಆಟಗಾರ್ತಿಯರು ಇಳಿಯಲೇ ಇಲ್ಲ. ಅವಸರದಲ್ಲಿ ಬೇರೆ ತಂಡ ಕಟ್ಟಿದರು. ಅದರಲ್ಲಿ 13 ವರ್ಷದ ಹುಡುಗಿಯೂ ಇದ್ದಳು! ಬೋಟ್ಸ್‌ವಾನಾ 5–0ಯಿಂದ ಗೆದ್ದಿತು.

ಕೊನೆಯದಾಗಿ ಒಂದು ಹಳೆಯ ಪಂದ್ಯ. 1993ರ ಮೇ 30. ದಕ್ಷಿಣ ಆಫ್ರಿಕಾ ಮಹಿಳೆಯರ ಮೊಟ್ಟಮೊದಲ ಅಂತರರಾಷ್ಟ್ರೀಯ ಪಂದ್ಯ. ಎದುರಿಗೆ ನೆರೆಯ ಸ್ವಾಜಿಲೆಂಡ್. ಅಂದು ಹ್ಯಾಟ್ರಿಕ್ ಹೊಡೆದವರಲ್ಲಿ ಡೆಸಿರೀ ಎಲಿಸ್ ಒಬ್ಬರು. 2022ರಲ್ಲಿ ದ್ಲಾಮಿನಿ ಕಪ್ ಎತ್ತಿದಾಗ ತಂಡದ ಕೋಚ್ ಆಗಿದ್ದವರು ಅವರೇ!

ಆ ಪಂದ್ಯದ ಫಲಿತಾಂಶ ಕೇಳಬೇಡಿ. ಕೇಳಿದಿರಾ? ಸರಿ, 14–0! ಒಂದು ತುದಿಯ ಗೋಲ್‌ಕೀಪರ್‌ಗೆ ಚೆಂಡು ಕಾಣುವುದೇ ಅಪರೂಪ. ಇನ್ನೊಂದು ತುದಿಯಲ್ಲಿ ಹದಿನಾಲ್ಕು ಸಲ ಬಗ್ಗಿ ಬಲೆಯಿಂದ ಚೆಂಡು ಎತ್ತುವ ಕೆಲಸ. ಹತ್ತು ಗೋಲು ಬಿಟ್ಟರೆಂದು ನಾವು ಹ್ಯಾಜೆಲ್ ನಾಲಿಗೆ ಮರುಗಿದೆವಲ್ಲ? ಅವರ ನೆರೆಹೊರೆಯಲ್ಲೇ ಅದಕ್ಕಿಂತ ದೊಡ್ಡ ಲೆಕ್ಕ ಇದೆ!